ಚೆಂಡು ಎಡಕ್ಕೆ ಸರಿದ ವರ್ಷ

ಮೊನ್ನೆ ಮಧ್ಯಾಹ್ನ ರೈಲಿನಲ್ಲಿ ಒಬ್ಬ ಅಜ್ಜಿ ಬಂದು ನನ್ನ ಪಕ್ಕ ಕುಳಿತರು. ಒದ್ದೆ ಕೊಡೆಯನ್ನು ಮಡಿಸಿ, ಅದಕ್ಕೆಂದೇ ತಂದಿದ್ದ ಉದ್ದ ಚೀಲಕ್ಕೆ ಇಳಿಸಿ, ಚೀಲದ ಬಾಯಿಗೆ ಗಂಟು ಹಾಕಿ, ಆಮೇಲೆ ನನ್ನ ಕಡೆ ಸಣ್ಣಗೆ ತಲೆಬಾಗಿದರು. ಅಷ್ಟರಲ್ಲಿ ವಾಸನೆ ಬಂತು. ಕರ್ಪೂರಕ್ಕೆ ಪುದೀನ ಜಜ್ಜಿ ಹಾಕಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಹಾಗಿನ ವಾಸನೆ. ಸೊಂಟ ಹಿಡಿದರೆ, ಕತ್ತು ಉಳುಕಿದರೆ ಇಲ್ಲಿಯವರು ಬಿಳಿಯ ಪಟ್ಟಿ ಅಂಟಿಸಿಕೊಳ್ಳುತ್ತಾರೆ, ಶಿಪ್ಪು ಅನ್ನುತ್ತಾರೆ. ವಯಸ್ಸಾದವರ ಮನೆಯಲ್ಲೆಲ್ಲ ಇರುವ ವಾಸನೆಯೇ. ನಾನಿಳಿಯುವ ಸ್ಟೇಷನ್ ಇನ್ನೂ ಮೂರು ದೂರವಿತ್ತು. ಮುಂದಿನದರಲ್ಲೇ ಇಳಿದುಬಿಟ್ಟೆ. ಪ್ಲಾಟ್‌ಫಾರ್ಮಿನ ಮೇಲೆ ನಿಂತು ನೀರು ಕುಡಿದು ಹಿಂದೆ ಬಂದ ಗಾಡಿ ಹಿಡಿದೆ.

ಆ ವರ್ಷ ಆಗಸ್ಟ್ ಸೆಕೆಯಿಂದ ನವೆಂಬರ್ ಚಳಿಯ ತನಕ ನನ್ನ ಮನೆಯಲ್ಲಿ ಆ ವಾಸನೆ ಸ್ವಲ್ಪ ಸ್ವಲ್ಪವಾಗಿ ಏರುತ್ತಾ ಹೋಯಿತು. ಹೋಗುವುದರಲ್ಲಿದ್ದದ್ದು ನನ್ನ ಮಗನ ಬಲಗೈ. ಅದು ಯಾರಿಗಾದರೂ ಮೊದಲು ತಿಳಿಯಬೇಕಿತ್ತು ಅಂದರೆ ನನಗೆ. ಯಾಕೆಂದರೆ ಅವನು ಎಸೆದ ಚೆಂಡನ್ನು ದಿನವೂ ಬೆಳಿಗ್ಗೆ ಹಿಡಿಯುತ್ತಿದ್ದವಳು ನಾನು.

ಸುಹಾಸ್ ನಮಗೆ ಒಬ್ಬನೇ ಮಗ. ನಮ್ಮ ಮನೆಯವರು ಎರಡು ವರ್ಷಕ್ಕೆಂದು ಬೆಂಗಳೂರಿನಿಂದ ಒಸಾಕಾಕ್ಕೆ ಪೋಸ್ಟಿಂಗ್ ಮೇಲೆ ಬಂದಾಗ ಅವನಿಗೆ ಏಳು ವರ್ಷ. ಆ ಎರಡು ವರ್ಷ ಹದಿನಾಲ್ಕಾಗಿತ್ತು. ಹುಡುಗ ಇಲ್ಲೇ ಬೆಳೆದು ಇಲ್ಲೇ ಕಾಲೇಜು ಸೇರಿ, ಅದರ ಕೊನೆಯ ವರ್ಷಕ್ಕೆ ಬಂದಿದ್ದ. ಕಾಲೇಜಿನಲ್ಲಿ ಅವನು ಹಿಡಿದ ಆಟ ಅಮೆಫುತೊ, ಅಂದರೆ ಅಮೆರಿಕನ್ ಫುಟ್‌ಬಾಲ್. ತಲೆಗೆ ಹೆಲ್ಮೆಟ್, ಭುಜಕ್ಕೆ ಗಟ್ಟಿ ಕವಚ, ಮೊಟ್ಟೆಯಾಕಾರದ ಚೆಂಡು. ಇಲ್ಲಿ ಒಸಾಕಾದ ಸುತ್ತಮುತ್ತ ಕಾಲೇಜು ಹುಡುಗರಿಗೆ ಅದರ ಹುಚ್ಚು ಬಹಳ. ಸುಹಾಸ್ ಎತ್ತರವೂ ಇಲ್ಲ, ದಪ್ಪವೂ ಇಲ್ಲ, ಓಟದಲ್ಲಿ ಸಾಧಾರಣ. ಮೊದಲನೇ ವರ್ಷವೆಲ್ಲ ನೀರಿನ ಬಾಟಲಿ ಹೊತ್ತ. ಎರಡನೇ ವರ್ಷ ಒಂದು ಜಾಗ ಸಿಕ್ಕಿತು. ಅದರ ಹೆಸರು ಲಾಂಗ್ ಸ್ನ್ಯಾಪರ್.

ಅವತ್ತು ಊಟಕ್ಕೆ ಕೂತಾಗ ಅವನಪ್ಪ ಕೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ.

"ಅಂದ್ರೆ ನಿಂದು ಬ್ಯಾಟಿಂಗಾ, ಬೋಲಿಂಗಾ?"

"ಅಪ್ಪ, ಇಟ್ಸ್ ನಾಟ್ ಕ್ರಿಕೆಟ್."

"ಗೊತ್ತು ಮಾರಾಯ. ನೀನು ಮಾಡೋದೇನು ಅಂತ."

"ಬಗ್ಗಿ ನಿಂತ್ಕೋತೀನಿ. ಕಾಲ್ ಮಧ್ಯದಿಂದ ಬಾಲ್‌ನ ಹಿಂದಕ್ಕೆ ಥ್ರೋ ಮಾಡ್ತೀನಿ. ತುಂಬಾ ಹಿಂದೆ ಕಿಕ್ ಮಾಡೋವ್ನು ನಿಂತಿರ್ತಾನೆ, ಅವನ ಎದೆಗೆ ಹೋಗ್ಬೇಕು. ಒನ್ ಸೆಕೆಂಡ್ ಒಳಗೆ."

"ಆಮೇಲೆ?"

"ಆಮೇಲೆ ಎದುರುಗಡೆಯವನು ಬಂದು ಗುದ್ದುತಾನೆ."

"ಕೈತಟ್ಟೋದು ಯಾರಿಗೆ?"

"ಕಿಕ್ ಮಾಡಿದವನಿಗೆ."

ಇವರು ಸಾರಿನ ಬಟ್ಟಲನ್ನು ಹತ್ತಿರ ಎಳೆದುಕೊಂಡರು. "ಸರಿ ಬಿಡು. ನಮ್ಮ ಆಫೀಸಲ್ಲೂ ಅಂಥವನೊಬ್ಬ ಇರ್ತಾನೆ. ಅವನೊಬ್ಬ ಇದ್ದಾನೆ ಅಂತ ಗೊತ್ತಾಗೋದು ಅವನು ರಜಾ ಹಾಕಿದ ದಿನ."

ಸುಹಾಸ್ ನಕ್ಕ. ನನಗೆ ನಗು ಬರಲಿಲ್ಲ. ಅವನು ಫೋನಿನಲ್ಲಿ ತೋರಿಸಿದ ವಿಡಿಯೋ ನೋಡಿದ್ದೆ. ಎದುರಿಗೆ ಎತ್ತಿನಂಥ ಹುಡುಗರು ಕಾಯುತ್ತಿರುವಾಗ ಇವನೊಬ್ಬ ಕತ್ತು ಬಗ್ಗಿಸಿ, ತಲೆ ಕೆಳಗು ಮಾಡಿ, ತನ್ನದೇ ಕಾಲುಗಳ ನಡುವೆ ಹಿಂದಕ್ಕೆ ನೋಡುತ್ತಾ ನಿಂತಿರುತ್ತಾನೆ. ಬರುವವನು ಯಾವ ಕಡೆಯಿಂದ ಬರುತ್ತಾನೆ ಅನ್ನುವುದೇ ಅವನಿಗೆ ಕಾಣುವುದಿಲ್ಲ. ಹಾಗೆ ಕತ್ತು ಕೊಟ್ಟು ನಿಲ್ಲುವುದನ್ನು ಯಾವ ತಾಯಿಗೂ ನೋಡಲಾಗುವುದಿಲ್ಲ.

ಕೊನೆಯ ವರ್ಷ ಇವರಿಗೆ ಹಿರೋಷಿಮಾದಲ್ಲಿ ಕಾರು ಕಾರ್ಖಾನೆಯೊಂದರ ಕೆಲಸ ಬಿತ್ತು. ಸೋಮವಾರ ಬೆಳಿಗ್ಗೆ ಹೋದರೆ ಶುಕ್ರವಾರ ಸಂಜೆ ಬರುವುದು. ಮನೆಯಲ್ಲಿ ನಾನು, ಸುಹಾಸ್ ಇಬ್ಬರೇ. ಜೂನ್ ತಿಂಗಳ ಒಂದು ದಿನ, ಹೊರಗೆ ಹಿಡಿದ ಮಳೆ ಬಿಡದೆ, ಬೀರುವಿನೊಳಗಿನ ಸೀರೆಗೆಲ್ಲ ಬೂಷ್ಟು ಹಿಡಿಯುತ್ತಿದ್ದ ಹೊತ್ತಿನಲ್ಲಿ ಅವನು ಬಂದು ಕೇಳಿದ. "ಅಮ್ಮ, ನೀನು ಥ್ರೋಬಾಲ್ ಆಡ್ತಿದ್ದೆ ಅಲ್ವಾ? ಬೆಳಿಗ್ಗೆ ನಂಗೆ ಕ್ಯಾಚ್ ಹಿಡೀತೀಯಾ?"

ಮೈಸೂರಿನಲ್ಲಿ ಓದುವಾಗ ನಾನು ಕಾಲೇಜ್ ಟೀಮಿನಲ್ಲಿದ್ದೆ. ನಮ್ಮ ಪಿ.ಟಿ. ಮೇಡಂ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂಗುತ್ತಿದ್ದದ್ದು ಒಂದೇ ಮಾತು: "ಕೈ ಚಾಚಬೇಡ್ರೇ, ಕಾಲು ಹೋಗ್ಲಿ. ಚೆಂಡು ಎದೆಗೇ ಬರ್ಬೇಕು." ಮೂವತ್ತು ವರ್ಷದ ಮೇಲೆ ಸೊಂಟ ದಪ್ಪವಾಗಿತ್ತು, ಆದರೆ ಕಾಲಿಗೆ ಆ ಪಾಠ ಮರೆತಿರಲಿಲ್ಲ.

ಬೆಳಿಗ್ಗೆ ಐದೂವರೆಗೆ ಯೊದೊ ನದಿಯ ದಂಡೆಗೆ ಹೋಗುತ್ತಿದ್ದೆವು. ನದಿಗೂ ಊರಿಗೂ ಮಧ್ಯೆ ಉದ್ದಕ್ಕೆ ಹುಲ್ಲಿನ ಬಯಲು. ದೀಪದ ಕಂಬವೊಂದರ ಬುಡದಲ್ಲಿ ನಾನು ನಿಲ್ಲಬೇಕು. ಹದಿನೆಂಟು ಹೆಜ್ಜೆ ಆಚೆ ಅವನು ನನಗೆ ಬೆನ್ನು ಹಾಕಿ, ಬಗ್ಗಿ, ಚೆಂಡಿನ ಮೇಲೆ ಎರಡು ಕೈ ಇಡುತ್ತಿದ್ದ. ಸುಂಯ್ ಅಂತ ಚೆಂಡು ಸುತ್ತಿಕೊಂಡು ಬಂದು ನನ್ನ ಎದೆಗೆ ಬಡಿಯುತ್ತಿತ್ತು. ಮೊದಲ ವಾರ ಎರಡೂ ಹಸ್ತ ಊದಿಕೊಂಡಿದ್ದವು. ರೊಟ್ಟಿ ತಟ್ಟಲು ಆಗುತ್ತಿರಲಿಲ್ಲ. ದಿನಕ್ಕೆ ನಲವತ್ತು ಚೆಂಡು. ಕಂಬದಿಂದ ನನ್ನ ಎಡಕ್ಕೆ, ಸ್ವಲ್ಪ ದೂರದಲ್ಲಿ, ಒಂದು ಮರದ ಬೆಂಚು. ಅದರ ಮೇಲೆ ದಿನವೂ ಹಯಾಶಿ-ಸಾನ್ ಅನ್ನುವ ಮುದುಕರು ಕೂರುತ್ತಿದ್ದರು. ಜೊತೆಗೆ ಅವರ ಕರಿ ನಾಯಿ. ನಾಲ್ಕು ದಿನ ನೋಡಿ ಐದನೇ ದಿನ ಎದ್ದು ಬಂದು, ಟೋಪಿ ತೆಗೆದು ಕೇಳಿದರು. ಮದುವೆಯಾದ ಹೆಂಗಸನ್ನು ಇಲ್ಲಿ ಓಕ್ಸಾನ್ ಅಂತ ಕರೆಯುತ್ತಾರೆ.

"ಓಕ್ಸಾನ್, ಕ್ಷಮಿಸಿ. ಇದು ಯೋಗವೇ?"

"ಅಲ್ಲ, ಅಮೆಫುತೊ."

"ಓಹೋ." ಸ್ವಲ್ಪ ಹೊತ್ತು ಯೋಚಿಸಿದರು. "ಮಗ ಬಗ್ಗುತ್ತಾನೆ, ತಾಯಿ ನಿಲ್ಲುತ್ತಾಳೆ. ನಿಮ್ಮ ದೇಶದಲ್ಲಿ ತಾಯಿಗೆ ನಮಸ್ಕಾರ ಮಾಡುವ ರೀತಿ ಅಂತ ನಾನು ಮನೆಯವಳಿಗೆ ಹೇಳಿಬಿಟ್ಟಿದ್ದೆ."

"ಬೆನ್ನು ಹಾಕಿ ಯಾರು ನಮಸ್ಕಾರ ಮಾಡ್ತಾರೆ ಹಯಾಶಿ-ಸಾನ್?"

"ಅವಳೂ ಅದನ್ನೇ ಕೇಳಿದಳು," ಅಂದು ಟೋಪಿ ಹಾಕಿಕೊಂಡು ಹೋದರು.

ತಂಡದ ಕೋಚ್ ಮೊರಿಮೊತೊ-ಸಾನ್ ಅಂತ ಒಬ್ಬರು. ಮಾತು ಕಡಿಮೆಯ ಮನುಷ್ಯ. ಮನೆಯಲ್ಲಿ ಅಭ್ಯಾಸ ಮಾಡುವ ವಿಷಯ ಕೇಳಿ, ಒಂದು ಹಾಳೆ ಕಳಿಸಿದರು. ಚೆಂಡು ಎದೆಗೆ ಬಂದರೆ ದುಂಡು ಗುರುತು, ಕೈ ಚಾಚಿ ಹಿಡಿದರೆ ತ್ರಿಕೋನ, ತಪ್ಪಿದರೆ ಕತ್ತರಿ ಗುರುತು. ತಿಂಗಳ ಕೊನೆಗೆ ಹಾಳೆ ಅವರಿಗೆ ತಲುಪಬೇಕು. ದುಂಡು ಅಂದರೆ ನಮ್ಮ ಶಾಲೆಯಲ್ಲಿ ಸೊನ್ನೆ. ಇಲ್ಲಿ ಅದೇ ಸರಿ ಅನ್ನುವ ಗುರುತು. ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ, ನಗರಸಭೆಯ ಕಸದ ಕ್ಯಾಲೆಂಡರಿನ ಪಕ್ಕ ಅಂಟಿಸಿದೆ. ಯಾವ ದಿನ ಉರಿಯುವ ಕಸ, ಯಾವ ದಿನ ಪ್ಲಾಸ್ಟಿಕ್, ಯಾವ ದಿನ ಎಷ್ಟು ದುಂಡು, ಎಲ್ಲ ಒಂದೇ ನೋಟಕ್ಕೆ ಕಾಣುವ ಹಾಗೆ. ಜೂನ್, ಜುಲೈ ತುಂಬ ದುಂಡು.

ಆಗಸ್ಟಿನಲ್ಲಿ ತಂಡ ಹತ್ತು ದಿನ ಬೆಟ್ಟದ ಮೇಲೆ ಶಿಬಿರಕ್ಕೆ ಹೋಯಿತು. ವಾಪಸ್ಸು ಬಂದ ಸುಹಾಸನ ಕುತ್ತಿಗೆಗೆ ಒಂದು ಟವೆಲ್ ಸುತ್ತಿತ್ತು. ಆ ಸೆಕೆಯಲ್ಲಿ ಇಲ್ಲಿ ಎಲ್ಲರೂ ಟವೆಲ್ ಸುತ್ತಿಕೊಳ್ಳುತ್ತಾರೆ. ಊಟಕ್ಕೆ ಕೂತಾಗಲೂ ಅವನು ತೆಗೆಯಲಿಲ್ಲ.

"ಏನಾಯ್ತೋ ಕತ್ತಿಗೆ?"

"ಸ್ವಲ್ಪ ಹಿಡ್ಕೊಂಡಿದೆ. ದೈಜೋಬು." ಏನೂ ಇಲ್ಲ ಅನ್ನುವುದಕ್ಕೆ ಇಲ್ಲಿಯ ಮಾತು ಅದು. ಮುಂದಿನ ಮೂರು ತಿಂಗಳು ನಾನು ಆ ಮನೆಯಲ್ಲಿ ಕೇಳಿದ್ದು ಹೆಚ್ಚಾಗಿ ಆ ಒಂದು ಮಾತನ್ನೇ.

ಸಣ್ಣ ಸಣ್ಣದು ಕಾಣತೊಡಗಿತು. ಪ್ಲಾಸ್ಟಿಕ್ ಕಸದ ಚೀಲ ಕಟ್ಟುವಾಗ ಅದರೊಳಗೆ ಪಾರದರ್ಶಕ ಹಾಳೆಯ ಚೂರುಗಳು. ಶಿಪ್ಪು ಅಂಟಿಸುವ ಮುಂಚೆ ಕೀಳುವ ಹಾಳೆ. ಒಂದು ವಾರ ನಾಲ್ಕು, ಮುಂದಿನ ವಾರ ಏಳು, ಆಮೇಲೆ ಹದಿನಾಲ್ಕು. ಒಗೆಯುವ ಬಟ್ಟೆಯಲ್ಲಿ ಆ ವಾಸನೆ. ಗುಂಡಿಯ ಅಂಗಿಗಳು ಬೀರುವಿನಿಂದ ಈಚೆಗೆ ಬರಲೇ ಇಲ್ಲ, ದಿನವೂ ಟೀ ಶರ್ಟು. ಅನ್ನ ಸಾರಿಗೆ ಚಮಚ ಕೇಳಿದ. ಕೈಯಲ್ಲಿ ಕಲಸಿ ತಿನ್ನುತ್ತಿದ್ದ ಹುಡುಗ.

"ಯಾಕೋ, ದೊಡ್ಡ ಸಾಹೇಬ್ರಾದ್ರಾ?"

"ಕೈ ತೊಳ್ಯೋಕೆ ಸೋಂಬೇರಿತನ ಅಮ್ಮ."

ಇನ್ನೊಂದು ಅಭ್ಯಾಸ ಶುರುವಾಯಿತು. ಭಾನುವಾರ ಮಧ್ಯಾಹ್ನ ಸೋಫಾದ ಮೇಲೆ ಒರಗಿದರೆ ಬಲಗೈಯನ್ನು ಎತ್ತಿ ನೆತ್ತಿಯ ಮೇಲೆ ಇಟ್ಟುಕೊಳ್ಳುತ್ತಿದ್ದ. ಓದುವಾಗಲೂ ಹಾಗೆಯೇ, ಟಿವಿ ನೋಡುವಾಗಲೂ ಹಾಗೆಯೇ. ನಮ್ಮಮ್ಮ ಇದ್ದಿದ್ದರೆ ಮನೆ ಮೇಲು ಕೆಳಗು ಮಾಡುತ್ತಿದ್ದರು. ತಲೆ ಮೇಲೆ ಕೈ ಹೊತ್ತು ಕೂರುವುದು ಎಲ್ಲ ಕಳೆದುಕೊಂಡವರ ಲಕ್ಷಣ. ನನಗೂ ಅದು ರಕ್ತದಲ್ಲೇ ಬಂದದ್ದು.

"ಕೈ ಇಳಿಸೋ. ಏನು ಮುಳುಗಿ ಹೋಗಿದೆ ಅಂತ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದೀಯ?"

ಇಳಿಸುತ್ತಿದ್ದ. ಹತ್ತು ನಿಮಿಷಕ್ಕೆ ಮತ್ತೆ ಅಲ್ಲೇ. ನಿದ್ದೆ ಹೋಗಿದ್ದರೆ ನಾನೇ ಹೋಗಿ ಮೆಲ್ಲಗೆ ಕೈ ಹಿಡಿದು ಕೆಳಗಿಳಿಸುತ್ತಿದ್ದೆ. ನಿದ್ದೆಯಲ್ಲೇ ಅವನ ಮುಖ ಕಿವುಚಿಕೊಳ್ಳುತ್ತಿತ್ತು.

ಸೆಪ್ಟೆಂಬರಿನ ಕೊನೆಗೆ ಬಿರುಗಾಳಿಯೊಂದು ಬಂದು ಹೋಯಿತು. ನದಿ ಎರಡು ದಿನ ಕೆಂಪಗೆ ಹುಲ್ಲಿನ ತನಕ ಏರಿ, ಇಳಿದಾಗ ದಂಡೆಯುದ್ದಕ್ಕೂ ಎಲೆಯೇ ಇಲ್ಲದ ಕೆಂಪು ಹೂ ಎದ್ದಿತ್ತು. ಒಂದೊಂದು ಕಡ್ಡಿಯ ತುದಿಗೆ ಉಗುರು ಬಿಚ್ಚಿದ ಹಾಗೆ. ಶುಕ್ರವಾರ ದೇವರಿಗೆ ಆಗುತ್ತದೆಂದು ಐದಾರು ಕಿತ್ತೆ. ಹಯಾಶಿ-ಸಾನ್ ಬೆಂಚಿನಿಂದಲೇ ಕೈ ಅಡ್ಡ ಆಡಿಸಿದರು. "ಓಕ್ಸಾನ್, ಅದನ್ನು ಮನೆಗೆ ಒಯ್ಯುವುದಿಲ್ಲ. ಸತ್ತವರ ಹೂ." ಕೈಯಲ್ಲಿದ್ದದ್ದನ್ನು ನದಿಯ ಕಡೆ ಎಸೆದೆ. ಮನೆಗೆ ಬಂದು ಎರಡು ಸಲ ಕೈ ತೊಳೆದೆ. ಅವತ್ತಿನಿಂದ ಹೆದರಿಕೆ ಒಳಗೆ ಕೂತಿತು. ಆದರೆ ಹೆದರಿದ್ದು ಹೂವಿಗೆ, ತಲೆಯ ಮೇಲಿನ ಕೈಗೆ. ಕಸದ ಚೀಲದಲ್ಲಿದ್ದ ಹದಿನಾಲ್ಕು ಹಾಳೆಗೆ ಹೆದರಬೇಕಿತ್ತು.

ಹೀಗಿದ್ದರೂ ಫ್ರಿಜ್ಜಿನ ಬಾಗಿಲಿನ ಮೇಲೆ ಮಾತ್ರ ದುಂಡುಗಳು. ಸೆಪ್ಟೆಂಬರ್, ಅಕ್ಟೋಬರ್, ದಿನಕ್ಕೆ ನಲವತ್ತಕ್ಕೆ ನಲವತ್ತು. ಚೆಂಡು ಎದೆಗೇ ಬರುತ್ತಿತ್ತು. ಅದೊಂದೇ ನನಗೆ ಸಮಾಧಾನ. ಕೈಗೆ ಏನಾದರೂ ಆಗಿದ್ದರೆ ಚೆಂಡು ಹೀಗೆ ಬರುತ್ತಿತ್ತೇ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ನವೆಂಬರಿನ ಎರಡನೇ ಭಾನುವಾರ ಕೊನೆಯ ಪಂದ್ಯ. ಅದಾದ ಮೇಲೆ ಕೊನೆಯ ವರ್ಷದವರೆಲ್ಲ ತಂಡ ಬಿಡುತ್ತಾರೆ. ಹಿಂದಿನ ಪಂದ್ಯದಲ್ಲಿ ಸುಹಾಸನ ಒಂದು ಚೆಂಡು ಪಕ್ಕಕ್ಕೆ ಹೋಗಿತ್ತಂತೆ. ಅವನ ಜಾಗಕ್ಕೆ ತಯಾರಾಗುತ್ತಿದ್ದ ಎರಡನೇ ವರ್ಷದ ಹುಡುಗ ಒಕಾಬೆಯನ್ನು ಇಳಿಸಬೇಕೇ ಅಂತ ಕೋಚ್ ಎರಡು ದಿನ ಯೋಚಿಸಿದರಂತೆ. ಮಂಗಳವಾರ ಸುಹಾಸ್ ಮನೆಗೆ ಬಂದವನೇ ಅಡುಗೆಮನೆಯ ಬಾಗಿಲಲ್ಲಿ ನಿಂತ.

"ನಾನೇ ಆಡ್ತಿದ್ದೀನಿ. ಕೋಚ್ ನಿನ್ನ ಶೀಟ್ ನೋಡಿದ್ರು. ತಾಯಿ ಇಷ್ಟು ದುಂಡು ಹಾಕಿದ್ದಾರೆ, ಅವರ ಲೆಕ್ಕ ನಂಬ್ತೀನಿ ಅಂದ್ರು. ನಿಂಗೆ ಥ್ಯಾಂಕ್ಸ್ ಹೇಳು ಅಂದ್ರು."

ನಾನು ಅವತ್ತು ಸಜ್ಜಿಗೆ ಮಾಡಿದೆ. ಅವನು ಚಮಚದಲ್ಲಿ ತಿಂದ, ಎಡಗೈಯಲ್ಲಿ.

ಮರುದಿನ ಬೆಳಿಗ್ಗೆ ಮಂಜು. ನಲವತ್ತನೇ ಚೆಂಡು ಹಿಡಿದು ಉಸಿರು ಬಿಡುತ್ತಿದ್ದೆ. ಸುಹಾಸ್ ದೂರದಲ್ಲಿ ಚೀಲ ತುಂಬುತ್ತಿದ್ದ. ಹಯಾಶಿ-ಸಾನ್ ಮಾತಾಡಿದ್ದು ನನ್ನ ಕಿವಿಯ ಪಕ್ಕದಲ್ಲೇ ಕೇಳಿಸಿತು. ತಿರುಗಿ ನೋಡಿದರೆ ಅವರು ತಮ್ಮ ಬೆಂಚಿನ ಮೇಲೆಯೇ ಕೂತಿದ್ದರು.

"ಓಕ್ಸಾನ್, ಬೇಸರ ಮಾಡಿಕೊಳ್ಳಬೇಡಿ. ಆಗಸ್ಟಿನ ಮುಂಚೆ ನೀವು ಕಂಬದ ಹತ್ತಿರ ಶುರು ಮಾಡಿ ಕಂಬದ ಹತ್ತಿರವೇ ಮುಗಿಸುತ್ತಿದ್ದಿರಿ."

"ಈಗಲೂ ಅಲ್ಲೇ ಅಲ್ಲವೇ?"

"ಶುರು ಅಲ್ಲೇ. ಮುಗಿಯುವಾಗ ನನ್ನ ಬೆಂಚಿಗೆ ಬರುತ್ತೀರಿ. ದಿನದಿಂದ ದಿನಕ್ಕೆ ಬೇಗ ಬರುತ್ತೀರಿ. ನೋಡಿ, ನಾಯಿಯನ್ನು ಈ ಕಡೆ ಕಟ್ಟಿದ್ದೇನೆ, ನಿಮ್ಮ ಕಾಲಿಗೆ ಸಿಗಬಾರದು ಅಂತ."

ಕಂಬದ ಕಡೆ ನೋಡಿದೆ. ಎಂಟು ಹೆಜ್ಜೆ ದೂರವಿತ್ತು.

ಮಂಜಿನಲ್ಲಿ ಒದ್ದೆಯಾದ ಹುಲ್ಲಿನ ಮೇಲೆ ನನ್ನ ಕಾಲಿನ ಜಾಡು ಕಂಬದಿಂದ ಬೆಂಚಿನ ತನಕ ಎಮ್ಮೆ ತುಳಿದ ಹಾಗೆ ಕಪ್ಪಗೆ ಬಿದ್ದಿತ್ತು. ಒಂದೊಂದು ಚೆಂಡಿಗೆ ಅರ್ಧ ಪಾದ. ಚೆಂಡು ಎಡಕ್ಕೆ ಬಂದಾಗಲೆಲ್ಲ ಕಾಲು ತಾನಾಗಿ ಹೋಗಿ ಎದೆಯನ್ನು ಅದರ ಮುಂದೆ ಇಟ್ಟಿತ್ತು. ನಾನು ದುಂಡು ಹಾಕಿದ್ದೆ. ಹಾಕಿದ್ದು ಸುಳ್ಳಲ್ಲ. ಎದೆಗೆ ಬಂದದ್ದೂ ನಿಜ. ಆದರೆ ಎರಡು ತಿಂಗಳಿಂದ ಅವನ ಒಂದು ಚೆಂಡೂ ನೆಟ್ಟಗೆ ಬಂದಿರಲಿಲ್ಲ, ಆ ಹಾಳೆಯ ಬಲದ ಮೇಲೆ ಭಾನುವಾರ ಅವನು ಕತ್ತು ಬಗ್ಗಿಸಲಿದ್ದ.

ಅವತ್ತು ಇಡೀ ದಿನ ಏನೂ ಹೇಳಲಿಲ್ಲ. ನನಗೇ ಖಾತ್ರಿ ಬೇಕಿತ್ತು. ಗುರುವಾರ ಬೆಳಿಗ್ಗೆ ಕಂಬದ ಬುಡದಲ್ಲಿ ನಿಂತು, ಎರಡೂ ಕಾಲನ್ನು ಹುಲ್ಲಿಗೆ ಊರಿ, ಇವತ್ತು ಕಾಲು ಎತ್ತುವುದಿಲ್ಲ ಅಂದುಕೊಂಡೆ. ಅದೆಷ್ಟು ಕಷ್ಟ ಅಂತ ಹೇಳಲಾರೆ. ಮೊದಲನೇ ಚೆಂಡು ನನ್ನ ಎಡ ಭುಜದ ಆಚೆಯಿಂದ ಹಾದು ಹಿಂದಿನ ಜೊಂಡಿನಲ್ಲಿ ಬಿತ್ತು. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ಅವನು ಬಗ್ಗಿದಲ್ಲಿಂದಲೇ ಕೂಗಿದ.

"ಅಮ್ಮ, ಹಿಡಿ."

ನಾನು ಕಾಲು ಎತ್ತಲಿಲ್ಲ. ನಾಲ್ಕು, ಐದು, ಆರು. ಏಳನೆಯದೊಂದು ನನ್ನ ಮೊಣಕೈಗೆ ತಗುಲಿತು. ಹತ್ತನೆಯದಾದ ಮೇಲೆ ಅವನು ನೆಟ್ಟಗಾದ. ನನ್ನ ಕಡೆ ತಿರುಗಲಿಲ್ಲ. ಬಲಗೈಯನ್ನು ಮೆಲ್ಲಗೆ ಎತ್ತಿ ನೆತ್ತಿಯ ಮೇಲೆ ಇಟ್ಟುಕೊಂಡು ನದಿಯನ್ನು ನೋಡುತ್ತಾ ನಿಂತ. ಹಯಾಶಿ-ಸಾನ್ ಎದ್ದು, ನಾಯಿಯನ್ನು ಬಿಚ್ಚಿಕೊಂಡು, ಬೇರೆ ದಾರಿಯಿಂದ ಹೋದರು.

ಮನೆಗೆ ಬಂದು ಹಾಳೆಯನ್ನು ಬಾಗಿಲಿನಿಂದ ಬಿಡಿಸಿ ಮೇಜಿನ ಮೇಲೆ ಇಟ್ಟು, ಪೆನ್ ತೆಗೆದೆ. ಸುಹಾಸ್ ಎದುರಿಗೆ ಕೂತ.

"ಅಮ್ಮ, ಒಂದೇ ಮ್ಯಾಚ್. ಸಂಡೇ ಮುಗಿದ್ರೆ ಮುಗೀತು. ಮಂಡೇ ಡಾಕ್ಟರ್ ಹತ್ರ ಹೋಗ್ತೀನಿ. ಪ್ರಾಮಿಸ್."

"ಯಾವಾಗಿಂದ ಇದೆ?"

"ಆಗಸ್ಟ್."

"ಯಾವ ಬೆರಳು?"

"ಹೆಬ್ಬೆರಳು. ಇದೂನು." ತೋರುಬೆರಳನ್ನು ಮುಟ್ಟಿ ತೋರಿಸಿದ. "ಬೇರೆ ಯಾರ್ದೋ ಬೆರಳು ಥರ ಇದೆ. ದುಂಡು ಹಾಕಮ್ಮ. ಇಷ್ಟು ದಿನ ಹಾಕಿದ್ದೀಯಲ್ಲ."

"ಗೊತ್ತಿಲ್ದೆ ಹಾಕ್ದೆ ಕಣೋ."

"ಹಾಗಾದ್ರೆ ನಾನೇ ಹಾಕ್ತೀನಿ."

ನನ್ನ ಕೈಯಿಂದ ಪೆನ್ ತೆಗೆದುಕೊಂಡ. ಒಂದು ದುಂಡು ಅರ್ಧ ಬರೆಯುವುದರೊಳಗೆ ಪೆನ್ ಬೆರಳಿನಿಂದ ಜಾರಿ ಮೇಜಿನ ಮೇಲೆ ಉರುಳಿ ಕೆಳಗೆ ಬಿತ್ತು. ಎತ್ತಿಕೊಂಡು ಮತ್ತೆ ಹಿಡಿದ. ಮತ್ತೆ ಜಾರಿತು. ಇಬ್ಬರೂ ಆ ಪೆನ್ ನೋಡುತ್ತಾ ಕೂತೆವು. ಹೊರಗೆ ಪ್ಲಾಸ್ಟಿಕ್ ಕಸದ ಗಾಡಿ ಹಾಡು ಹಾಕಿಕೊಂಡು ಬಂದು, ನಿಂತು, ಹೋಯಿತು. ಅವತ್ತಿನ ಕಸ ನಾನು ಇಟ್ಟಿರಲಿಲ್ಲ.

ಹಿರೋಷಿಮಾಕ್ಕೆ ಫೋನ್ ಮಾಡಿದೆ. ಇವರು ಎಲ್ಲ ಕೇಳಿ, "ಅವನಿಗೆ ಇಪ್ಪತ್ತೊಂದು ವರ್ಷ ಕಣೇ. ಅವನನ್ನ ಕೇಳದೆ ಕೋಚ್ ಹತ್ರ ಹೋದ್ರೆ ಜನ್ಮದಲ್ಲಿ ಮರೆಯಲ್ಲ," ಅಂದರು. ಆಮೇಲೆ ಅವರೇ, "ಹೋಗು," ಅಂದರು.

ಹೋದೆ. ಒಂದು ರೈಲು, ಒಂದು ಬಸ್ಸು. ಆ ಕಾಲೇಜಿನ ಮೈದಾನದೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಹಾಳೆಯ ಕೊನೆಯ ಸಾಲಿನಲ್ಲಿ ಹತ್ತೂ ಕತ್ತರಿ. ಮೊರಿಮೊತೊ-ಸಾನ್ ಎರಡು ಕೈಯಲ್ಲಿ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ನಾನು ನನಗೆ ಬಂದ ಜಪಾನಿಯಲ್ಲಿ ಹೇಳಿದೆ: ಚೆಂಡು ಸರಿಯಾಗಿ ಬರಲಿಲ್ಲ, ನಾನು ಸರಿಯುತ್ತಿದ್ದೆ. ಸುಮಿಮಾಸೆನ್, ಕ್ಷಮಿಸಿ. ಅವರು ತಿರುಗಿ, ಚೆಂಡು ಒದೆಯುವ ಹುಡುಗನನ್ನು ಕರೆದರು. ನಕಾಯಿ ಅಂತ, ಸುಹಾಸನ ಗೆಳೆಯ, ನಮ್ಮ ಮನೆಗೆ ಬಂದು ದೋಸೆ ತಿಂದು ಹೋದವನು.

"ನೀನೂ ಸರಿಯುತ್ತಿದ್ದೆಯಾ?"

ನಕಾಯಿ ನೆಲ ನೋಡಿದ. "ಸ್ವಲ್ಪ."

ಕೋಚ್ ಟೋಪಿ ತೆಗೆದು ನನಗೆ ಆಳವಾಗಿ ಬಾಗಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಶುಕ್ರವಾರ ಆಸ್ಪತ್ರೆ. ಡಾಕ್ಟರು ನನ್ನ ವಯಸ್ಸಿನ ಹೆಂಗಸು. ಪರದೆಯ ಮೇಲೆ ಸುಹಾಸನ ಕತ್ತಿನ ಚಿತ್ರ ತೋರಿಸಿ, ಮೂಳೆಗಳ ನಡುವಿನ ಮೆತ್ತೆ ಉಬ್ಬಿ ಬಂದು ನರವನ್ನು ಅದುಮುತ್ತಿದ್ದ ಜಾಗಕ್ಕೆ ಪೆನ್ಸಿಲ್ ಇಟ್ಟರು. ಶಸ್ತ್ರಚಿಕಿತ್ಸೆ ಬೇಕು ಅಂದರು. ತಲೆ ಬಗ್ಗಿಸಿರುವಾಗ ಇನ್ನೊಂದು ಪೆಟ್ಟು ಬಿದ್ದಿದ್ದರೆ, ಅಂದು, ಮುಂದಿನದನ್ನು ಹೇಳದೆ ಪೆನ್ಸಿಲ್ ಕೆಳಗಿಟ್ಟರು. ಆಮೇಲೆ ನನ್ನನ್ನು ಕೇಳಿದರು.

"ಮನೆಯಲ್ಲಿ ಕೈಯನ್ನು ತಲೆಯ ಮೇಲೆ ಇಟ್ಟುಕೊಳ್ಳುತ್ತಿದ್ದನೇ? ಈ ನೋವಿನವರು ಯಾರೂ ಹೇಳಿಕೊಡದೆ ಅದನ್ನು ಕಂಡುಕೊಳ್ಳುತ್ತಾರೆ. ಹಾಗೆ ಇಟ್ಟುಕೊಂಡರೆ ನರಕ್ಕೆ ಸ್ವಲ್ಪ ಬಿಡುವು ಸಿಗುತ್ತದೆ."

"ಇಟ್ಟುಕೊಳ್ಳುತ್ತಿದ್ದ," ಅಂದೆ. ಕೆಳಗಿಳಿಸುತ್ತಿದ್ದವಳು ನಾನು ಅಂತ ಹೇಳಲಿಲ್ಲ. ಸುಹಾಸ್ ನನ್ನ ಕಡೆ ನೋಡಲಿಲ್ಲ. ಗುರುವಾರದಿಂದ ನನ್ನ ಜೊತೆ ಅವನಿಗೆ ಮಾತಿರಲಿಲ್ಲ.

ಭಾನುವಾರ ಪಂದ್ಯಕ್ಕೆ ಮೂವರೂ ಹೋದೆವು. ಅವನು ಕತ್ತಿಗೆ ಪಟ್ಟಿ ಕಟ್ಟಿಕೊಂಡು ಮೈದಾನದ ಅಂಚಿನಲ್ಲಿ ನಿಂತ. ಮೋಡ ಕವಿದು, ಮೂರು ಗಂಟೆಗೇ ದೀಪ ಹಾಕಿದ್ದರು. ಒಕಾಬೆ ಆರು ಸಲ ಬಗ್ಗಿದ. ಆರು ಸಲವೂ ಚೆಂಡು ನೆಟ್ಟಗೆ ಹೋಯಿತು. ನಕಾಯಿ ಒದ್ದಾಗಲೆಲ್ಲ ಮೈಕಿನಲ್ಲಿ ಅವನ ಹೆಸರು ಕೂಗಿದರು, ಜನ ಕೈ ತಟ್ಟಿದರು. ನಡುವೆ ಬಗ್ಗುವವನು ಬದಲಾಗಿದ್ದಾನೆ ಅಂತ ಅಷ್ಟು ಜನರಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಐದನೇ ಸಲ ಎದುರುಗಡೆಯವನೊಬ್ಬ ಒಕಾಬೆಯ ತಲೆ ಇನ್ನೂ ಕೆಳಗಿರುವಾಗಲೇ ಬಂದು ಅಪ್ಪಳಿಸಿದ. ಹುಡುಗ ಬಿದ್ದು, ಒಂದು ಕ್ಷಣ ಅಲುಗಾಡದೆ ಇದ್ದು, ಆಮೇಲೆ ಎದ್ದ. ಆ ಕ್ಷಣ ಇವರು ನನ್ನ ಮುಂಗೈ ಹಿಡಿದಿದ್ದ ಗುರುತು ಮಾರನೆಯ ದಿನವೂ ಇತ್ತು. ಆ ಹುಡುಗನ ತಾಯಿ ಎಲ್ಲಿ ಕೂತಿದ್ದರೋ.

ಡಿಸೆಂಬರಿನಲ್ಲಿ ಸುಹಾಸನಿಗೆ ಶಸ್ತ್ರಚಿಕಿತ್ಸೆ ಆಯಿತು. ತೋರುಬೆರಳು ಮುಕ್ಕಾಲು ಪಾಲು ವಾಪಸ್ಸು ಬಂತು, ಹೆಬ್ಬೆರಳು ಬರಲಿಲ್ಲ. ಆಗಸ್ಟಿನಲ್ಲೇ ಬಂದಿದ್ದರೆ ಅಂತ ಡಾಕ್ಟರು ಒಂದೇ ಸಲ ಹೇಳಿದರು, ಇನ್ನೊಂದು ಸಲ ಹೇಳಲಿಲ್ಲ. ಈಗ ಅವನು ತ್ಸುಕುಬಾದಲ್ಲಿ ಕೆಲಸದಲ್ಲಿದ್ದಾನೆ. ಸೈಕಲ್ಲಿನ ಬಲಗಡೆಯ ಬ್ರೇಕನ್ನು ಉಳಿದ ಬೆರಳಲ್ಲಿ ಹಿಡಿಯುತ್ತಾನೆ. ಹಾಲು ಬಿಸಿಯಿದೆಯೇ ತಣ್ಣಗಿದೆಯೇ ಅಂತ ಲೋಟವನ್ನು ಎಡಗೈಯಲ್ಲಿ ಮುಟ್ಟಿ ನೋಡುತ್ತಾನೆ.

ಪಂದ್ಯ ಮುಗಿದ ಸಂಜೆ ಸ್ಟೇಷನ್ನಿನ ಎದುರಿನ ಕೊಂಬಿನಿ ಅಂಗಡಿಯೊಳಗೆ ಇವರು ಟೀ ತರಲು ಹೋದರು. ನಾನು, ಅವನು ಹೊರಗೆ ನಿಂತಿದ್ದೆವು. ಮೂರು ದಿನದ ಮೇಲೆ ಅವನು ಬಾಯಿಬಿಟ್ಟ.

"ಅಮ್ಮ, ಬಗ್ಗಿದಾಗ ನಂಗೇನು ಕಾಣುತ್ತೆ ಗೊತ್ತಾ?"

"ಏನು?"

"ತಲೆಕೆಳಗಾಗಿ ಎಲ್ಲ ಕಾಣುತ್ತೆ. ಕಂಬ. ನದಿ. ನಿನ್ನ ಶೂ."

ಅವನು ಏನು ಹೇಳುತ್ತಿದ್ದಾನೆ ಅಂತ ನನಗೆ ಒಂದು ಗಳಿಗೆ ಹೊಳೆಯಲಿಲ್ಲ. ಆಮೇಲೆ ನನ್ನ ಶೂ ನೋಡಿಕೊಂಡೆ.

"ಸರೀತಿದ್ದೆ ಅಂತ ನಿಂಗೆ ಗೊತ್ತಿತ್ತಾ?"

"ಸೆಪ್ಟೆಂಬರಿಂದ."

"ಮತ್ತೆ ಒಂದು ಮಾತು ಹೇಳ್ಬಾರ್ದಿತ್ತೇನೋ?"

ಅವನು ಪಟ್ಟಿ ಕಟ್ಟಿದ ಕತ್ತನ್ನು ತಿರುಗಿಸಲಾರದೆ ಇಡೀ ಮೈ ತಿರುಗಿಸಿ ನನ್ನನ್ನು ನೋಡಿದ.

"ನೀನು ಹಿಡೀತಾನೇ ಇದ್ದೆಯಲ್ಲ ಅಮ್ಮ."